ಏಳು ಜನರ ಎಸ್‌ಯುವಿ: ಹೊಸದು ಕೊಳ್ಳಬೇಕೋ, ಬಳಸಿದ್ದು ಸಾಕೋ?

ಮುಂದಿನದೆಲ್ಲ ಒಂದೇ ಸಂಗತಿಯ ಸುತ್ತ ತಿರುಗುವುದರಿಂದ ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು ಹಳೆಯದಾದಂತೆ ಅದರ ಬೆಲೆ ಇಳಿಯುತ್ತದೆ, ಅದನ್ನು ಸಾಕುವ ಖರ್ಚು ಇಳಿಯುವುದಿಲ್ಲ. ಎಂಟು ವರ್ಷದ ಹಿಂದೆ ಶೋರೂಮಿನಿಂದ ಹೊರಬಂದಾಗ ಅದು ಯಾವ ದರ್ಜೆಯ ಗಾಡಿಯಾಗಿತ್ತೋ, ಇವತ್ತಿಗೂ ಅದರ ಟೈರು, ಬ್ರೇಕು, ಗೇರ್‌ಬಾಕ್ಸ್, ಸಸ್ಪೆನ್ಷನ್ ಅದೇ ದರ್ಜೆಯ ಬೆಲೆ ಕೇಳುತ್ತವೆ. ಸಣ್ಣ ಹೊಸ ಕಾರಿನ ದುಡ್ಡಿಗೆ ದೊಡ್ಡ ಹಳೆಯ ಎಸ್‌ಯುವಿ ಸಿಕ್ಕಿತೆಂದು ಸಂಭ್ರಮದಿಂದ ಮನೆಗೆ ತಂದವರು, ಮೊದಲ ದೊಡ್ಡ ರಿಪೇರಿಯ ಬಿಲ್ಲು ಕೈಗೆ ಬಂದ ದಿನ ಕಂಗಾಲಾಗುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಹಾಗೆಂದು ಹೊಸದನ್ನೇ ಕೊಳ್ಳಿ ಎಂದು ಹೇಳಲು ಹೊರಟಿಲ್ಲ. ಹೊಸ ಗಾಡಿಯ ಮೊದಲ ಮೂರು ವರ್ಷಗಳಲ್ಲಿ ಕರಗಿಹೋಗುವ ಹಣವೂ ಸಣ್ಣದಲ್ಲ, ಮತ್ತು ಅದು ಬಿಲ್ಲಿನ ರೂಪದಲ್ಲಿ ಬರದ ಕಾರಣ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಎರಡರ ನಡುವೆ ಆಯ್ಕೆ ಮಾಡಲು ನಿಮ್ಮ ಕುಟುಂಬದ ಬಗ್ಗೆ ಎರಡು ಸಂಗತಿ ಗೊತ್ತಿರಬೇಕು: ಮೂರನೇ ಸಾಲಿನಲ್ಲಿ ಯಾರು, ಎಷ್ಟು ಸಲ ಕೂರುತ್ತಾರೆ, ಗಾಡಿಯನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ.

ಮೊದಲು ತಲೆ ಎಣಿಸಿ

ಕಳೆದ ಒಂದು ವರ್ಷದಲ್ಲಿ ಐದಕ್ಕಿಂತ ಹೆಚ್ಚು ಜನ ಒಟ್ಟಿಗೆ ಪ್ರಯಾಣ ಮಾಡಿದ ದಿನಗಳನ್ನು ಪ್ರಾಮಾಣಿಕವಾಗಿ ಎಣಿಸಿ. ಹತ್ತೋ ಹನ್ನೆರಡೋ ದಿನಗಳಾದರೆ ಆ ದಿನಗಳಿಗೆ ಮಾತ್ರ ದೊಡ್ಡ ಗಾಡಿಯನ್ನು ಬಾಡಿಗೆಗೆ ಪಡೆಯುವುದು ಎಲ್ಲಕ್ಕಿಂತ ಅಗ್ಗ. ವಾರಕ್ಕೆ ಎರಡು ಮೂರು ಸಲವಾದರೂ ಆರು ಏಳು ಜನ ಕೂರುತ್ತಾರೆಂದರೆ ಮಾತ್ರ ಈ ಹೋಲಿಕೆಗೆ ಅರ್ಥವಿದೆ.

ಇನ್ನೊಂದು ಲೆಕ್ಕವನ್ನು ಬಹಳ ಮಂದಿ ಮಾಡುವುದೇ ಇಲ್ಲ. ಗಾಡಿ ಹೊರಬಹುದಾದ ಭಾರಕ್ಕೂ ಮಿತಿ ಇದೆ. ಗರಿಷ್ಠ ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆದರೆ ಅದು ಸಿಗುತ್ತದೆ. ಖಾಲಿ ತೂಕ 2,200 ಕಿಲೋ, ಗರಿಷ್ಠ 2,850 ಕಿಲೋ ಎಂದುಕೊಳ್ಳಿ. ಉಳಿಯುವುದು 650 ಕಿಲೋ. ತಲಾ 70 ಕಿಲೋದ ಐವರು ದೊಡ್ಡವರು, ತಲಾ 30 ಕಿಲೋದ ಇಬ್ಬರು ಮಕ್ಕಳು ಕೂತರೆ 410 ಕಿಲೋ ಮುಗಿಯಿತು. ಹಿಂದೆ ಟ್ರೇಲರ್ ಕಟ್ಟಿದರೆ ಅದು ಕೊಕ್ಕೆಯ ಮೇಲೆ ಹೇರುವ ಭಾರವನ್ನೂ ಇದರಲ್ಲೇ ಕಳೆಯಬೇಕು. ಏಳು ಆಸನ ಇದ್ದ ಮಾತ್ರಕ್ಕೆ ಏಳು ಜನ ಮತ್ತು ಅವರ ಸಾಮಾನು ಎರಡೂ ಹಿಡಿಯುತ್ತವೆ ಎಂದು ನಂಬಬೇಡಿ. ಮೂರನೇ ಸಾಲು ಎತ್ತಿ ನಿಲ್ಲಿಸಿದಾಗ ಅನೇಕ ಗಾಡಿಗಳ ಡಿಕ್ಕಿಯಲ್ಲಿ ನಾಲ್ಕು ಕೈಚೀಲಕ್ಕೂ ಜಾಗ ಇರುವುದಿಲ್ಲ. ಹೊಸದಕ್ಕೂ ಹಳೆಯದಕ್ಕೂ ಇದು ಒಂದೇ.

ಹಣದ ಲೆಕ್ಕ

ಯಾವ ದೇಶದ ದುಡ್ಡೂ ಬೇಡ, ಹೊಸ ಗಾಡಿಯ ಬೆಲೆಯನ್ನು 100 ಪಾಲು ಎಂದು ಇಟ್ಟುಕೊಳ್ಳೋಣ. ಮಾದರಿಯಿಂದ ಮಾದರಿಗೆ, ಮಾರುಕಟ್ಟೆಯಿಂದ ಮಾರುಕಟ್ಟೆಗೆ ಅಂಕಿಗಳು ಬದಲಾಗುತ್ತವೆ. ನಾನು ಇಲ್ಲಿ ಬಳಸುವುದು ಕೇವಲ ಲೆಕ್ಕ ತೋರಿಸಲು. ಮೂರನೇ ವರ್ಷದ ಕೊನೆಗೆ ಅದು 60 ಪಾಲು, ಎಂಟನೇ ವರ್ಷಕ್ಕೆ 32, ಹತ್ತನೇ ವರ್ಷಕ್ಕೆ 25, ಹನ್ನೆರಡನೇ ವರ್ಷಕ್ಕೆ 18 ಆಗುತ್ತದೆ ಎಂದುಕೊಳ್ಳಿ.

ಹೊಸದು ಕೊಂಡು ಮೂರೇ ವರ್ಷಕ್ಕೆ ಮಾರಿದರೆ 40 ಪಾಲು ಹೋಯಿತು, ವರ್ಷಕ್ಕೆ 13ಕ್ಕಿಂತ ಹೆಚ್ಚು. ಅದೇ ಹೊಸದನ್ನು ಹತ್ತು ವರ್ಷ ಇಟ್ಟುಕೊಂಡರೆ ಹೋಗುವುದು 75 ಪಾಲು, ವರ್ಷಕ್ಕೆ ಏಳೂವರೆ. ಮೂರು ವರ್ಷ ಹಳೆಯದನ್ನು 60ಕ್ಕೆ ಕೊಂಡು ಅದರ ಹತ್ತನೇ ವಯಸ್ಸಿನವರೆಗೆ ಓಡಿಸಿದರೆ ಏಳು ವರ್ಷಕ್ಕೆ 35 ಪಾಲು, ಅಂದರೆ ವರ್ಷಕ್ಕೆ 5. ಎಂಟು ವರ್ಷ ಹಳೆಯದನ್ನು 32ಕ್ಕೆ ಕೊಂಡು ನಾಲ್ಕು ವರ್ಷ ಓಡಿಸಿದರೆ ವರ್ಷಕ್ಕೆ ಮೂರೂವರೆ. ಕಾಗದದ ಮೇಲೆ ಕೊನೆಯದೇ ಗೆಲ್ಲುತ್ತದೆ.

ಈಗ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೈಕೊಟ್ಟಿತು ಎಂದುಕೊಳ್ಳಿ. ಅದನ್ನು ಬಿಚ್ಚಿ ಸರಿಪಡಿಸಲು 8 ಪಾಲು ಬೇಕು. ಹೊಸ ಗಾಡಿಯವರಿಗೆ ಅದು ವಾರಂಟಿಯೊಳಗೆ ಮುಗಿಯಬಹುದು. ಮುಗಿಯದಿದ್ದರೂ ಅವರು ಕೊಟ್ಟ ಬೆಲೆಯ ಹನ್ನೆರಡರಲ್ಲಿ ಒಂದು ಭಾಗ. 32 ಪಾಲು ಕೊಟ್ಟು ತಂದವರಿಗೆ ಅದು ಕೊಟ್ಟ ಬೆಲೆಯ ಕಾಲು ಭಾಗ, ಮತ್ತು ಅವರ ನಾಲ್ಕು ವರ್ಷದ ಉಳಿತಾಯದ ದೊಡ್ಡ ತುಂಡು ಒಂದೇ ದಿನ ಹೋಯಿತು. ಆದ್ದರಿಂದ ಬಳಸಿದ್ದನ್ನು ಕೊಳ್ಳುವವರು ಕೈಯಲ್ಲಿರುವ ಹಣವನ್ನೆಲ್ಲ ಬೆಲೆಗೆ ಸುರಿಯಬಾರದು. ಹೊಸದರ ಬೆಲೆಯ ಹತ್ತರಲ್ಲಿ ಒಂದು ಭಾಗವನ್ನಾದರೂ ಮುಟ್ಟದೆ ಪಕ್ಕಕ್ಕಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಷ್ಟು ಇಡಲು ಆಗುವುದಿಲ್ಲವೆಂದರೆ ಒಂದು ಮೆಟ್ಟಿಲು ಸಣ್ಣ ಗಾಡಿಗೆ ಇಳಿಯುವುದು ಲೇಸು.

ಸಾಲ ಮಾಡಿ ಕೊಳ್ಳುವವರು ಇದಕ್ಕೆ ಬಡ್ಡಿಯನ್ನೂ ಸೇರಿಸಬೇಕು. ಸಾಮಾನ್ಯವಾಗಿ ಹೊಸ ಕಾರಿನ ಸಾಲಕ್ಕೆ ಬಡ್ಡಿ ಕಡಿಮೆ, ಬಳಸಿದ್ದಕ್ಕೆ ಹೆಚ್ಚು. ತಿಂಗಳ ಕಂತನ್ನು ನೋಡಿ ತೀರ್ಮಾನಿಸಬೇಡಿ. ಸಾಲ ತೀರುವ ಹೊತ್ತಿಗೆ ಒಟ್ಟು ಎಷ್ಟು ಕಟ್ಟಿರುತ್ತೀರಿ ಎಂಬುದನ್ನು ಬರೆದು ನೋಡಿ. ವಿಮೆಯ ಕಂತನ್ನೂ ಮೊದಲೇ ವಿಚಾರಿಸಿ.

ಮಕ್ಕಳು ಕೂರುವ ಜಾಗ

ಹೊಸದರ ಪರವಾಗಿ ಅತ್ಯಂತ ಬಲವಾದ ವಾದ ವಾರಂಟಿಯದಲ್ಲ, ಸುರಕ್ಷತೆಯದು. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು.

ಅಪಘಾತ ಪರೀಕ್ಷೆಯ ನಕ್ಷತ್ರಗಳು ಆಯಾ ವರ್ಷದ ಅಳತೆಗೋಲಿಗೆ ಸೇರಿದವು. ಯುರೋಪಿನ ಯೂರೋ ಎನ್‌ಕ್ಯಾಪ್ ಸಂಸ್ಥೆ 2005ರಲ್ಲಿ ಫಿಯಟ್ ಪುಂಟೊ ಕಾರಿನಲ್ಲಿ ದೊಡ್ಡವರ ರಕ್ಷಣೆಗೆ ಐದು ನಕ್ಷತ್ರ ಕೊಟ್ಟಿತ್ತು. ಹೆಚ್ಚು ಬದಲಾವಣೆ ಕಾಣದೆ ಮಾರಾಟದಲ್ಲಿದ್ದ ಅದೇ ಕಾರನ್ನು 2017ರಲ್ಲಿ ಮತ್ತೆ ಪರೀಕ್ಷಿಸಿದಾಗ ಸಿಕ್ಕಿದ್ದು ಸೊನ್ನೆ. ಅದು ಸಣ್ಣ ಕಾರು ನಿಜ. ಆದರೆ ಪಾಠ ದೊಡ್ಡ ಗಾಡಿಗೂ ಅನ್ವಯಿಸುತ್ತದೆ. ಹತ್ತು ವರ್ಷದ ಹಿಂದಿನ ಐದು ನಕ್ಷತ್ರವನ್ನು ಇವತ್ತಿನ ಐದು ನಕ್ಷತ್ರದ ಪಕ್ಕದಲ್ಲಿಟ್ಟು ಸಮ ಎನ್ನಲು ಬರುವುದಿಲ್ಲ. ಬಳಸಿದ ಗಾಡಿ ನೋಡುವಾಗ ಎಷ್ಟು ನಕ್ಷತ್ರ ಎಂಬುದರ ಜೊತೆಗೆ ಯಾವ ವರ್ಷದ ಪರೀಕ್ಷೆ ಎಂದೂ ಕೇಳಿ.

ಎತ್ತರದ, ಭಾರದ ಗಾಡಿ ತಿರುವಿನಲ್ಲಿ ಹಿಡಿತ ತಪ್ಪಿದಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕ್ ಹಾಕಿ ಅದನ್ನು ದಾರಿಗೆ ತರುವ ವ್ಯವಸ್ಥೆಯನ್ನು ಸ್ಥಿರತೆ ನಿಯಂತ್ರಣ, ಇಎಸ್‌ಸಿ ಎನ್ನುತ್ತಾರೆ. ಅಮೆರಿಕ 2012ರ ಮಾದರಿಗಳಿಂದ, ಯುರೋಪು 2014ರ ಕೊನೆಯಿಂದ ಹೊಸ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಿದವು. ಬೇರೆ ಕಡೆಗಳಲ್ಲಿ ಮೇಲ್ದರ್ಜೆಯ ಆವೃತ್ತಿಗೆ ಮಾತ್ರ ಇದನ್ನು ಹಾಕಿರುವ ಗಾಡಿಗಳೂ ಇವೆ. ಇಎಸ್‌ಸಿ ಇಲ್ಲದ ದೊಡ್ಡ ಎಸ್‌ಯುವಿಯನ್ನು ಯಾವ ಬೆಲೆಗೂ ಮನೆಗೆ ತರಬೇಡಿ. ಈ ಒಂದು ವಿಷಯದಲ್ಲಿ ನಾನು ರಾಜಿಯಾಗಲಾರೆ.

ಹಿಂಬದಿಯ ಕ್ಯಾಮೆರಾ ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಕಡ್ಡಾಯ. ಎದುರಿನ ಅಡ್ಡಿಯನ್ನು ಗುರುತಿಸಿ ತಾನಾಗಿಯೇ ಬ್ರೇಕ್ ಹಾಕುವ ವ್ಯವಸ್ಥೆ ಯುರೋಪಿನಲ್ಲಿ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಿಗೂ ಬಂದಿದೆ. ಕ್ಯಾಮೆರಾವನ್ನು ಹಳೆಯ ಗಾಡಿಗೂ ಹಾಕಿಸಬಹುದು. ಹಾಕಿಸಲೇಬೇಕು, ಏಕೆಂದರೆ ಈ ಗಾತ್ರದ ಗಾಡಿಯ ಹಿಂದೆ ನಿಂತ ಪುಟ್ಟ ಮಗು ಕನ್ನಡಿಯಲ್ಲಿ ಕಾಣುವುದಿಲ್ಲ. ಸ್ವಯಂ ಬ್ರೇಕನ್ನು ಹಾಗೆ ಆಮೇಲೆ ಕೂಡಿಸಲು ಬರುವುದಿಲ್ಲ.

ಇನ್ನು ಮೂರನೇ ಸಾಲು. ಪಕ್ಕದ ಕಿಟಕಿಯ ಮೇಲಿಂದ ಇಳಿಯುವ ಪರದೆ ಏರ್‌ಬ್ಯಾಗ್ ಕೊನೆಯ ಸಾಲಿನವರೆಗೆ ತಲುಪುತ್ತದೆಯೇ? ಕೆಲವು ಗಾಡಿಗಳಲ್ಲಿ ಎರಡನೇ ಸಾಲಿಗೇ ನಿಲ್ಲುತ್ತದೆ. ಅಲ್ಲಿ ತಲೆದಿಂಬು ದೊಡ್ಡವರ ತಲೆಯ ಎತ್ತರಕ್ಕೆ ಏರುತ್ತದೆಯೇ? ಮಕ್ಕಳ ಆಸನ ಸಿಕ್ಕಿಸುವ ಐಸೊಫಿಕ್ಸ್ ಕೊಕ್ಕೆಗಳು ಎರಡನೇ ಸಾಲಿನಲ್ಲಿ ಮಾತ್ರ ಇವೆಯೇ, ಮೂರನೆಯದರಲ್ಲೂ ಇವೆಯೇ? ಆ ಕೊಕ್ಕೆಗಳಿಗೂ ಮಿತಿ ಇದೆ: ಮಗು ಮತ್ತು ಆಸನ ಸೇರಿ ಸಾಮಾನ್ಯವಾಗಿ 33 ಕಿಲೋ. ಮಾರಾಟಗಾರರ ಬಾಯಿಮಾತಿಗಿಂತ ಗಾಡಿಯ ಕೈಪಿಡಿಯನ್ನು ನಂಬಿ. ಒಂದೇ ಹೆಸರಿನ ಗಾಡಿಯ ಕೆಳದರ್ಜೆಯ ಹೊಸ ಆವೃತ್ತಿಗಿಂತ ಮೂರು ವರ್ಷ ಹಳೆಯ ಮೇಲ್ದರ್ಜೆಯ ಆವೃತ್ತಿಯಲ್ಲಿ ಹೆಚ್ಚು ಏರ್‌ಬ್ಯಾಗ್ ಇರುವುದೂ ಉಂಟು. ಅಂಥ ಕಡೆ ಸುರಕ್ಷತೆಯ ವಾದವೇ ಬಳಸಿದ್ದರ ಕಡೆಗೆ ವಾಲುತ್ತದೆ.

ಬಳಸಿದ್ದನ್ನು ಕೊಳ್ಳುವವರಿಗೆ ಇನ್ನೊಂದು ಕೆಲಸ: ತಯಾರಕರ ಜಾಲತಾಣದಲ್ಲಿ 17 ಅಕ್ಷರ-ಅಂಕಿಗಳ ಚಾಸಿಸ್ ಸಂಖ್ಯೆ ಹಾಕಿ, ತಯಾರಕರು ಹಿಂದಕ್ಕೆ ಕರೆದು ಸರಿಪಡಿಸಬೇಕಾದ ದೋಷ ಬಾಕಿ ಇದೆಯೇ ಎಂದು ನೋಡುವುದು. ಟಕಾಟ ಕಂಪನಿಯ ಇನ್‌ಫ್ಲೇಟರ್‌ಗಳ, ಅಂದರೆ ಏರ್‌ಬ್ಯಾಗ್ ಉಬ್ಬಿಸುವ ಸಾಧನಗಳ, ಪ್ರಕರಣ ಇದಕ್ಕೆ ಸಾಕ್ಷಿ. ಅದರೊಳಗಿನ ರಾಸಾಯನಿಕ ವರ್ಷಗಟ್ಟಲೆ ಶಾಖ ಮತ್ತು ತೇವಕ್ಕೆ ಹಾಳಾಗಿ, ಏರ್‌ಬ್ಯಾಗ್ ತೆರೆದುಕೊಂಡಾಗ ಲೋಹದ ಚೂರುಗಳು ಸಿಡಿದು ಜನ ಸತ್ತರು. ಅಮೆರಿಕ ಒಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಇಂಥ ದುರಸ್ತಿಯನ್ನು ತಯಾರಕರು ಉಚಿತವಾಗಿ ಮಾಡಿಕೊಡುತ್ತಾರೆ. ಹಿಂದಿನ ಮಾಲೀಕರು ಮಾಡಿಸಿಕೊಂಡಿದ್ದಾರೆಯೇ ಎಂಬುದಷ್ಟೇ ನಿಮ್ಮ ಪ್ರಶ್ನೆ.

ಹೊಸದರ ಉಳಿದ ಲಾಭ, ಉಳಿದ ತೊಂದರೆ

ಚರಿತ್ರೆ ಪೂರ್ತಿ ನಿಮ್ಮ ಕೈಯಲ್ಲಿರುತ್ತದೆ. ಮೊದಲ ದಿನದಿಂದ ಎಣ್ಣೆ ಯಾವಾಗ ಬದಲಾಯಿತು, ಯಾರು ಓಡಿಸಿದರು ಎಂಬುದು ಗೊತ್ತಿರುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಇದರ ಬೆಲೆ ಬಹಳ ದೊಡ್ಡದು. ತೊಂದರೆ ಎಂದರೆ, ಸಂಪೂರ್ಣ ಹೊಸ ಮಾದರಿಯ ಮೊದಲ ವರ್ಷದ ಗಾಡಿಗಳಲ್ಲಿ ತಯಾರಕರಿಗೇ ಆಮೇಲೆ ತಿಳಿಯುವ ದೋಷಗಳಿರುತ್ತವೆ. ಮಾದರಿ ಮಾರುಕಟ್ಟೆಗೆ ಬಂದು ಒಂದೂವರೆ ಎರಡು ವರ್ಷ ಕಳೆದ ಮೇಲೆ ಕೊಂಡವರಿಗೆ ಅದರ ಕಾಟ ಕಡಿಮೆ. ಬಳಸಿದ ಗಾಡಿಯಲ್ಲಿ ಇಂಥ ದೋಷಗಳು ಯಾವುವು ಎಂದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿರುತ್ತದೆ.

ಬಳಸಿದ್ದನ್ನು ನೋಡಲು ಹೋದಾಗ

ನಾನು ಒಮ್ಮೆ ನಾಲ್ಕು ವರ್ಷದ ಒಂದು ಡೀಸೆಲ್ ಗಾಡಿ ನೋಡಲು ಹೋದಾಗ ಬಣ್ಣ ಕನ್ನಡಿಯಂತಿತ್ತು, ಆಸನಗಳಿಗೆ ಒಂದು ಗೀರೂ ಇರಲಿಲ್ಲ. ಬಾನೆಟ್ ಮೇಲೆ ಕೈಯಿಟ್ಟರೆ ಬೆಚ್ಚಗಿತ್ತು. ನಾಳೆ ಬೆಳಿಗ್ಗೆ ಬರುತ್ತೇನೆ, ನಾನು ಬರುವವರೆಗೆ ದಯವಿಟ್ಟು ಚಾಲೂ ಮಾಡಬೇಡಿ ಎಂದು ಹೇಳಿ ಬಂದೆ. ಮರುದಿನ ತಣ್ಣಗಿದ್ದ ಎಂಜಿನ್ ಚಾಲೂ ಆದ ಕೂಡಲೇ ಮುಂಭಾಗದಿಂದ ಸರಪಳಿ ಗಿಲಕಿ ಅಲ್ಲಾಡಿಸಿದಂಥ ಸದ್ದು ಕೆಲವು ಕ್ಷಣ ಬಂದು ನಿಂತಿತು. ಎಂಜಿನ್ನಿನ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಸವೆದಾಗಿನ ಸದ್ದು ಅದು. ಎಂಜಿನ್ ಬಿಸಿಯಾಗಿದ್ದರೆ ನನಗೆ ಕೇಳುತ್ತಲೇ ಇರಲಿಲ್ಲ. ಹೊರಗೆ ಥಳಕು ಒಳಗೆ ಹುಳುಕು ಎಂಬ ಗಾದೆಗೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ. ತಣ್ಣನೆಯ ಎಂಜಿನ್ನನ್ನು ನೀವೇ ಚಾಲೂ ಮಾಡಿ ಕೇಳದೆ ಮಾತುಕತೆಗೆ ಕೂರಬೇಡಿ.

ಎಂಜಿನ್ನಿಗೆ ಚೈನಿನ ಬದಲು ಬೆಲ್ಟ್ ಇದ್ದರೆ ಅದನ್ನು ಕೊನೆಯ ಸಲ ಎಷ್ಟು ಕಿಲೋಮೀಟರಿಗೆ ಬದಲಾಯಿಸಲಾಗಿದೆ ಎಂಬ ರಸೀದಿ ಕೇಳಿ. ಅನೇಕ ಎಂಜಿನ್‌ಗಳಲ್ಲಿ ಆ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ.

ಡೀಸೆಲ್ ಗಾಡಿಯಾದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಸೋಸುಕದ ಬಗ್ಗೆ ಎಚ್ಚರ. ಆ ಮಸಿ ಸುಟ್ಟು ಹೋಗಲು ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಅಂದರೆ ಆಗಾಗ ಒಂದಿಷ್ಟು ದೂರ ಒಂದೇ ವೇಗದಲ್ಲಿ ಓಡಬೇಕು. ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಎರಡು ಮೂರು ಕಿಲೋಮೀಟರ್ ಓಟದಲ್ಲೇ ಬದುಕಿದ ಗಾಡಿಯಲ್ಲಿ ಆ ಕೆಲಸ ಅರ್ಧಕ್ಕೇ ನಿಲ್ಲುತ್ತಾ ಬಂದು, ಸುಡದೆ ಉಳಿದ ಡೀಸೆಲ್ ಎಂಜಿನ್ ಎಣ್ಣೆಗೆ ಸೇರುತ್ತದೆ. ಎಣ್ಣೆಯ ಅಳತೆಕಡ್ಡಿ ತೆಗೆದು ನೋಡಿ. ಮಟ್ಟ ಮೇಲಿನ ಗೆರೆಯನ್ನೂ ದಾಟಿದ್ದರೆ ಮತ್ತು ಡೀಸೆಲ್ ವಾಸನೆ ಬಂದರೆ ಕಾರಣ ಇದೇ ಇರಬಹುದು. ಕಡಿಮೆ ಓಡಿದ ಗಾಡಿ ಎಂಬುದು ಇಲ್ಲಿ ದೋಷವೇ ಆಗಿಬಿಡುತ್ತದೆ. ನಿಮ್ಮ ಓಟವೂ ಅಷ್ಟೇ ಚಿಕ್ಕದಾದರೆ ಹೊಸದಾಗಲಿ ಹಳೆಯದಾಗಲಿ ಪೆಟ್ರೋಲನ್ನೋ ಹೈಬ್ರಿಡ್ಡನ್ನೋ ಆರಿಸಿ.

ಟೈರುಗಳು ಬಹಳಷ್ಟು ಕಥೆ ಹೇಳುತ್ತವೆ. ಪಕ್ಕದಲ್ಲಿ ಅಚ್ಚಾಗಿರುವ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. 2321 ಎಂದರೆ 2021ರ 23ನೇ ವಾರ. ಮೀಟರಿನಲ್ಲಿ 30,000 ಕಿಲೋಮೀಟರ್ ಎಂದಿದ್ದು ಟೈರುಗಳು ಆಗಲೇ ಎರಡನೇ ಜೊತೆಯಾಗಿದ್ದರೆ, ಮತ್ತೆ ಬ್ರೇಕ್ ಪೆಡಲಿನ ರಬ್ಬರು, ಸ್ಟಿಯರಿಂಗ್ ಹೊದಿಕೆ, ಚಾಲಕರ ಆಸನದ ಅಂಚು ಸವೆದಿದ್ದರೆ, ಮೀಟರನ್ನು ಹಿಂದಕ್ಕೆ ತಿರುಗಿಸಿರುವ ಸಾಧ್ಯತೆ ಇದೆ. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಗಾಡಿಯಲ್ಲಿ ಮುಂದಿನ ಎರಡು ಹೊಸ ಟೈರು, ಹಿಂದಿನ ಎರಡು ಸವೆದದ್ದು ಕಂಡರೆ ಇನ್ನೂ ಎಚ್ಚರ ಬೇಕು. ಸುತ್ತಳತೆಯ ಆ ವ್ಯತ್ಯಾಸವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ನಡುವಿನ ಡಿಫರೆನ್ಷಿಯಲ್ ಅಥವಾ ಕ್ಲಚ್ ಬಿಡುವಿಲ್ಲದೆ ಸರಿದೂಗಿಸುತ್ತಾ ಸವೆಯುತ್ತದೆ. ಒಣ ಸಮನೆಲದಲ್ಲಿ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ನಿಧಾನವಾಗಿ ವೃತ್ತ ಹೊಡೆಯಿರಿ. ಎಳೆದೆಳೆದು ಬಿಟ್ಟಂತೆ ಜರ್ಕ್ ಆದರೆ ಅದು ದುಬಾರಿ ರಿಪೇರಿಯ ಸೂಚನೆ. (ಲಿವರ್ ಹಾಕಿ ನಾಲ್ಕು ಚಕ್ರ ಜೋಡಿಸುವ ಗಾಡಿಯಾದರೆ ಈ ಪರೀಕ್ಷೆಯನ್ನು ಎರಡು ಚಕ್ರದ ಸ್ಥಿತಿಯಲ್ಲೇ ಮಾಡಬೇಕು. ಜೋಡಿಸಿದಾಗ ಒಣ ನೆಲದಲ್ಲಿ ಅದು ಬಿಗಿಯುವುದು ಸಹಜ.)

ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಚೀಲಗಳು ಗಾಡಿಯನ್ನು ಹೊರುವ ಗಾಳಿಯ ಸಸ್ಪೆನ್ಷನ್ ಇದ್ದರೆ ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ದೂರದಿಂದ ನೋಡಿ. ಒಂದು ಮೂಲೆ ಕುಸಿದಿದ್ದರೆ ಗಾಳಿ ಸೋರುತ್ತಿದೆ. ದೊಡ್ಡ ಗಾಜಿನ ಛಾವಣಿ ಇದ್ದರೆ ಅದರ ನೀರು ಹರಿಯುವ ಕೊಳವೆಗಳು ಕಟ್ಟಿಕೊಂಡು ನೀರು ಒಳಗಿಳಿಯಬಹುದು. ನೆಲಹಾಸಿನ ಕೆಳಗೆ ಮತ್ತು ಬಿಡಿ ಚಕ್ರದ ಗುಂಡಿಯೊಳಗೆ ಕೈಯಾಡಿಸಿ. ತೇವ, ಕೆಸರು, ಆಸನದ ಕೆಳಗಿನ ಬೋಲ್ಟ್‌ಗಳಲ್ಲಿ ತುಕ್ಕು ಇದ್ದರೆ ಪ್ರವಾಹದಲ್ಲಿ ಮುಳುಗಿದ ಗಾಡಿಯೂ ಆಗಿರಬಹುದು. ಅಂಥದ್ದರ ವೈರುಗಳು ವರ್ಷಗಳ ನಂತರವೂ ಒಂದೊಂದಾಗಿ ಕೈಕೊಡುತ್ತವೆ, ಆದ್ದರಿಂದ ಚೌಕಾಸಿಯನ್ನೇ ಮಾಡದೆ ಹೊರಟುಬಿಡಿ. ಗೇರ್‌ಬಾಕ್ಸ್ ಎಣ್ಣೆ ಜೀವನಪರ್ಯಂತ ಬರುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಬದಲಾಯಿಸಿದ ರಸೀದಿ ಇರುವ ಗಾಡಿಗೆ ಸ್ವಲ್ಪ ಹೆಚ್ಚೇ ಕೊಡುತ್ತೇನೆ.

ಹೈಬ್ರಿಡ್ ಅಥವಾ ವಿದ್ಯುತ್ ಗಾಡಿಯ ದೊಡ್ಡ ಬ್ಯಾಟರಿಗೆ ಅನೇಕ ತಯಾರಕರು 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಕೊಡುತ್ತಾರೆ. ಅದರಲ್ಲಿ ಎಷ್ಟು ಉಳಿದಿದೆ, ಎರಡನೇ ಮಾಲೀಕರಿಗೂ ಅನ್ವಯಿಸುತ್ತದೆಯೇ, ಬ್ಯಾಟರಿಯ ಆರೋಗ್ಯ ಶೇಕಡಾ ಎಷ್ಟು ಎಂದು ಲಿಖಿತವಾಗಿ ಪಡೆಯಿರಿ.

ಕೊನೆಗೆ, ಮಾರುವವರಿಗೆ ಸಂಬಂಧವಿಲ್ಲದ ಮೆಕ್ಯಾನಿಕ್ ಒಬ್ಬರಿಗೆ ದುಡ್ಡು ಕೊಟ್ಟು ಗಾಡಿಯನ್ನು ಎತ್ತಿ ಕೆಳಗಿನಿಂದ ನೋಡಿಸಿ, ಕಂಪ್ಯೂಟರಿಗೆ ಸಿಕ್ಕಿಸಿ ದೋಷ ಸಂಕೇತಗಳನ್ನು ಓದಿಸಿ. ಸ್ವಲ್ಪ ಮುಂಚೆಯಷ್ಟೇ ಸಂಕೇತಗಳನ್ನು ಅಳಿಸಿದ್ದರೆ ಅದೂ ಗೊತ್ತಾಗುತ್ತದೆ. ಈ ತಪಾಸಣೆಗೆ ಒಪ್ಪದ ಮಾರಾಟಗಾರರ ಜೊತೆ ವ್ಯವಹಾರ ಬೇಡ.

ಹಾಗಾದರೆ ಯಾವುದು

ಹತ್ತು ವರ್ಷ ಇಟ್ಟುಕೊಳ್ಳುವ ಮನಸ್ಸು, ಮೂರನೇ ಸಾಲಿನಲ್ಲಿ ದಿನವೂ ಚಿಕ್ಕ ಮಕ್ಕಳು, ಬಡ್ಡಿ ಹೊರೆಯಾಗದಷ್ಟು ಕೈಯಲ್ಲಿ ಹಣ: ಈ ಮೂರೂ ಇದ್ದರೆ ಹೊಸದನ್ನೇ ಕೊಳ್ಳಿ. ಮೊದಲ ವರ್ಷಗಳ ನಷ್ಟ ಹತ್ತು ವರ್ಷಕ್ಕೆ ಹಂಚಿಹೋಗುತ್ತದೆ. ಮೂರು ನಾಲ್ಕು ವರ್ಷಕ್ಕೊಮ್ಮೆ ಗಾಡಿ ಬದಲಿಸುವ ಅಭ್ಯಾಸ ಇರುವವರಿಗೆ ಹೊಸ ದೊಡ್ಡ ಎಸ್‌ಯುವಿ ಅತ್ಯಂತ ದುಬಾರಿ ಆಯ್ಕೆ.

ಉಳಿದ ಹೆಚ್ಚಿನ ಕುಟುಂಬಗಳಿಗೆ ನನ್ನ ಒಲವು ಎರಡರಿಂದ ನಾಲ್ಕು ವರ್ಷದ, ಒಬ್ಬರೇ ಮಾಲೀಕರ, ಎಲ್ಲ ರಸೀದಿಗಳಿರುವ, ತಯಾರಕರ ವಾರಂಟಿ ಇನ್ನೂ ಸ್ವಲ್ಪ ಉಳಿದಿರುವ ಗಾಡಿಯ ಕಡೆಗೆ. ದೊಡ್ಡ ಇಳಿಕೆಯನ್ನು ಮೊದಲ ಮಾಲೀಕರು ಹೊತ್ತಿರುತ್ತಾರೆ, ಸುರಕ್ಷತೆ ಇನ್ನೂ ಹಳತಾಗಿರುವುದಿಲ್ಲ. ಒಂದು ಎಚ್ಚರಿಕೆ ಮಾತ್ರ: ಟೊಯೋಟಾ ಲ್ಯಾಂಡ್ ಕ್ರೂಸರ್‌ನಂತೆ ಬೆಲೆ ಬಿಟ್ಟುಕೊಡದ ಮಾದರಿಗಳಲ್ಲಿ ಹೊಸದಕ್ಕೂ ಮೂರು ವರ್ಷದ್ದಕ್ಕೂ ಅಂತರ ತೀರಾ ಕಡಿಮೆ ಇರಬಹುದು. ಆಗ ಹೊಸದೇ ಲಾಭ. ಎಂಟು ವರ್ಷ ದಾಟಿದ್ದನ್ನು, ಅದೂ ಗಾಳಿಯ ಸಸ್ಪೆನ್ಷನ್ನಿನ ಐಷಾರಾಮಿ ಗಾಡಿಯನ್ನು, ಮನೆಗಿರುವ ಒಂದೇ ವಾಹನವಾಗಿ ಕೊಳ್ಳಬೇಡಿ. ಅದು ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತರೆ ಮಕ್ಕಳು ಶಾಲೆಗೆ ಹೋಗುವುದು ಹೇಗೆ?

ಮುಂಗಡ ಕೊಡುವ ಮೊದಲು ಇಡೀ ಕುಟುಂಬವನ್ನು ಕರೆದುಕೊಂಡು ಹೋಗಿ, ಏಳೂ ಜನ ಕೂತು ಅರ್ಧ ಗಂಟೆ ಓಡಿಸಿ ನೋಡಿ. ಕೊನೆಯ ಸಾಲಿನಲ್ಲಿ ಅಜ್ಜಿ ತಾತ ಕೂರುವುದಾದರೆ ಅವರು ಅಲ್ಲಿಗೆ ಹತ್ತಿ ಇಳಿಯಬಲ್ಲರೇ ಎಂದು ನೋಡಿ. ಹಿಂದೆ ತಂಪು ಗಾಳಿ ಬರುತ್ತದೆಯೇ ಎಂದು ಕೇಳಿ. ಆಮೇಲೆ ಗಾಡಿ ನಿಲ್ಲಿಸಿ, ಎರಡನೇ ಸಾಲಿನಲ್ಲಿ ಮಕ್ಕಳ ಆಸನ ಕಟ್ಟಿರುವಾಗಲೇ ಮೂರನೇ ಸಾಲಿನ ಮಗುವಿಗೆ ಯಾರ ಸಹಾಯವೂ ಇಲ್ಲದೆ ಹೊರಗೆ ಬರಲು ಹೇಳಿ. ಬರಲು ಆಗದಿದ್ದರೆ, ಅದು ಹೊಸದಿರಲಿ ಹಳೆಯದಿರಲಿ, ಆ ಗಾಡಿಯನ್ನು ಅಲ್ಲೇ ಬಿಟ್ಟು ಮುಂದಿನದನ್ನು ನೋಡಲು ಹೋಗಿ.